ಮಾಹಿತಿ ಕೊಟ್ಟವರು: ತಾಯಿ

ಸಾಲ ವಸೂಲಿಗೆ ಬಂದಿದ್ದರೆ ಪೊರಕೆ ಹಿಡಿದಿರುತ್ತಿದ್ದೆ. ಆ ಬೇವರ್ಸಿ ಬಂದದ್ದು ಮುಯ್ಯಿ ತೀರಿಸಲು.

ಅವನ ಹೆಸರು ಆನಂದ್ ಎಂದು ಆಮೇಲೆ ಗೊತ್ತಾಯಿತು. ಅವತ್ತು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನಾನು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು, ಕೈಯಲ್ಲಿ ತಟ್ಟೆ ಹಿಡಿದು ಬಂದ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಎರಡು ಬಾಳೆಹಣ್ಣು. ಹೀಗೆ ಬಂದವನ ಮುಖಕ್ಕೆ ಬಾಗಿಲು ಹಾಕುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹುಟ್ಟಬೇಕಿತ್ತು.

ಅವನ ಕಥೆಗೆ ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನನ್ನ ಹೆಸರು ನರಸಮ್ಮ. ದೊಡ್ಡಬಳ್ಳಾಪುರದಲ್ಲಿ ಹನುಮಂತರಾಯಪ್ಪನವರ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತೇನೆ. ಹದಿನೆಂಟು ಮಗ್ಗ ಒಟ್ಟಿಗೆ ಬಡಿಯುತ್ತವೆ. ಇಪ್ಪತ್ತಾರು ವರ್ಷದಿಂದ ಅದೇ ಸದ್ದು. ಎಡಗಿವಿ ಹೋಗಿದೆ, ಬಲಗಿವಿ ಹೋಗುತ್ತಾ ಇದೆ. ಪಾಲಿಯೆಸ್ಟರ್ ನೂಲು ಬೆರಳು ಕೊಯ್ಯುತ್ತದೆ. ಕೊಯ್ದ ಕಡೆ ಟೇಪು ಸುತ್ತಿಕೊಂಡು ಮತ್ತೆ ನೂಲಿಗೆ ಕೈ ಕೊಡಬೇಕು. ದಿನವಿಡೀ ನಿಂತೇ ಇರಬೇಕು, ಸಂಜೆಗೆ ಕಾಲು ಊದಿಕೊಳ್ಳುತ್ತವೆ. ಗಂಡ ಸತ್ತು ಮೂರು ವರ್ಷ. ಇರುವವಳು ಒಬ್ಬಳೇ ಮಗಳು, ಅಕ್ಷತ.

ಅಕ್ಷತ ಫೈನಾನ್ಸಿನಲ್ಲಿ ಸಾಲ ಮಾಡಿದಳು. ಮಾಡಿದಳು ಅನ್ನುವುದೇ ಸುಳ್ಳು. ಅವಳ ಗಂಡ ಬೀರೇಶನಿಗೆ ಗೂಡ್ಸ್ ಆಟೋ ಬೇಕಿತ್ತು. ಆ ಫೈನಾನ್ಸಿನವರು ಗಂಡಸರಿಗೆ ಕೊಡುವುದಿಲ್ಲ, ಹೆಂಗಸರಿಗೆ ಮಾತ್ರ. ಯಾಕೆ ಗೊತ್ತಾ? ಹೆಂಗಸು ಮಗು ಬಿಟ್ಟು ಓಡುವುದಿಲ್ಲ. ಇವಳು ಸೈನ್ ಹಾಕಿದಳು, ಅವನು ಆಟೋ ತಂದ, ಎಂಟು ತಿಂಗಳು ಓಡಿಸಿದ, ಆಮೇಲೆ ಆಟೋ ಸಮೇತ ನಾಪತ್ತೆಯಾದ. "ಅವನನ್ನ ಹುಡುಕ್ರಪ್ಪಾ" ಎಂದರೆ "ಸೈನು ಇವ್ರದು" ಎಂದರು. ಒಂದು ಗಾಡಿ, ಒಬ್ಬ ಗಂಡಸು, ಎರಡನ್ನೂ ಹುಡುಕಲಾರದ ಶೂರರು ನಾಲ್ಕು ವರ್ಷದ ಮಗು ಎತ್ತಿಕೊಂಡವಳ ಬಾಗಿಲಿಗೆ ಬಂದು ಕೂತರು.

ಕೂತರು ಎಂದರೆ ಹೊಸಿಲ ಮೇಲೇ ಕೂತರು. ಅವಳು ನೀರಿಗೆ ಹೋದರೆ ಹಿಂದೆ ಹೋದರು, ಅಂಗಡಿಗೆ ಹೋದರೆ ಹಿಂದೆ ಹೋದರು. "ಕಂತಿಗೆ ದುಡ್ಡಿಲ್ಲ ಅಂತೀಯ, ಇಷ್ಟ್ ಚೆನ್ನಾಗ್ ಸೀರೆ ಉಟ್ಕೊಂಡು ಎಲ್ಲಿಗ್ ಹೋಗ್ತೀಯಮ್ಮಾ? ನಮ್ಗೂ ಹೇಳು" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಮಗು ಸಿಂಚನ ಹೆದರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅದನ್ನು ನೋಡಿ ನಕ್ಕರು. ಮಾರನೆಯ ದಿನ ಆರೂವರೆ ಬಸ್ಸಿಗೆ ಅಕ್ಷತ ಮಗುವನ್ನೂ ಎರಡು ಚೀಲವನ್ನೂ ಹಿಡಿದು ಊರು ಬಿಟ್ಟಳು.

ನಲ್ಲೂರಿನಲ್ಲಿ ನನ್ನ ನಾದಿನಿ ಬೈರಮ್ಮ ಇದ್ದಾಳೆ, ಅಕ್ಷತಳ ಸೋದರತ್ತೆ. ಅವಳ ಮನೆ ಸೇರಿಕೊಂಡಳು. ದೇವನಹಳ್ಳಿ ಕಡೆ ಒಂದು ಗುಲಾಬಿ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಮುಳ್ಳು ಬಿಡಿಸಬೇಕು, ಕಡ್ಡಿ ಅಳೆಯಬೇಕು, ಇಪ್ಪತ್ತಿಪ್ಪತ್ತು ಹೂವಿನ ಕಟ್ಟು ಕಟ್ಟಿ ತಣ್ಣನೆಯ ರೂಮಿನಲ್ಲಿ ಇಡಬೇಕು. ಕೈತುಂಬ ಗಾಯ. ಆದರೂ ತಿಂಗಳಿಗೆ ಸಂಬಳ ಬರುತ್ತಿತ್ತು, ಮೂರು ತಿಂಗಳು ಕೂಡಿಸಿ ಮತ್ತೆ ಕಂತು ಶುರುಮಾಡ್ತೀನಿ ಎಂದಿದ್ದಳು. ಅಲ್ಲಿನ ಸೂಪರ್‌ವೈಸರ್ ಮೊದಲ ದಿನವೇ ಹೇಳಿದ್ದ, ಗೇಟಿನ ಹತ್ತಿರ ಯಾರ ಮನೆಯ ಗಲಾಟೆ ಬಂದರೂ ಅವರಿಗೆ ಕೆಲಸ ಇಲ್ಲ ಎಂದು. ಅದಕ್ಕೇ ಅವಳು ಎಲ್ಲಿದ್ದಾಳೆ ಎಂಬುದು ನನಗೂ ಬೈರಮ್ಮನಿಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆ ಒಂದು ವಿಳಾಸ ಬಾಯಿಬಿಟ್ಟರೆ ಅವಳ ಕೆಲಸ ಹೋಗುತ್ತಿತ್ತು, ಮಗುವಿನ ಅನ್ನ ಹೋಗುತ್ತಿತ್ತು.

ಫೈನಾನ್ಸಿನವರು ಸುಮ್ಮನಿರಲಿಲ್ಲ. ನನ್ನ ಫೋನಿಗೆ ದಿನಕ್ಕೊಂದು ದನಿ. "ಅಕ್ಷತ ಅವ್ರಿಗೆ ಪಾರ್ಸಲ್ ಬಂದಿದೆ, ಅಡ್ರೆಸ್ ಹೇಳಿ ಮೇಡಂ" ಎಂದಳು ಒಬ್ಬಳು. "ಬಂದಿದ್ರೆ ನೀನೇ ಬಿಚ್ಕೊಂಡು ಉಟ್ಕೋ ತಾಯಿ" ಎಂದೆ. ಇನ್ನೊಬ್ಬ, ಸರ್ಕಾರದ ಎರಡು ಸಾವಿರ ನಿಂತುಹೋಗಿದೆ, ಈಗ ಎಲ್ಲಿದ್ದಾರೆ ಹೇಳಿದರೆ ಸರಿಮಾಡ್ತೀವಿ ಎಂದ. "ನನ್ ಮಗಳನ್ನ ಹುಡುಕ್ಕೊಂಡು ಬಂದು ದುಡ್ಡು ಕೊಡೋವಷ್ಟು ಸರ್ಕಾರ ಯಾವಾಗಪ್ಪಾ ಒಳ್ಳೇದಾಯ್ತು?" ಎಂದು ಇಟ್ಟೆ. ಮತ್ತೊಬ್ಬ ಅವಳ ಜೊತೆ ಓದಿದವಳ ಅಣ್ಣನಂತೆ, ಮದುವೆ ಪತ್ರಿಕೆ ಕೊಡಬೇಕಂತೆ. ಎಲ್ಲರಿಗೂ ಉಗಿದೆ. ಶೆಡ್ಡಿನಲ್ಲಿ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿ ಹೆಂಗಸರನ್ನು ನಗಿಸಿದೆ. ನನ್ನ ಜಾಣತನ ನನಗೇ ತಲೆಗೇರಿತ್ತು.

ಅಂಥ ಜಾಣೆಯ ಬಾಗಿಲಿಗೆ ಅವನು ತಟ್ಟೆ ಹಿಡಿದು ಬಂದ.

"ನರಸಮ್ಮತ್ತೆ ಅಲ್ವಾ?"

"ಹೌದು, ನೀನ್ಯಾರಪ್ಪಾ?"

"ರಾಜಘಟ್ಟದ ದೊಡ್ಡಮುನಿಯಪ್ಪನ ಮೊಮ್ಮಗ. ನೀವು ನಂಗೆ ಅತ್ತೆ ಆಗ್ಬೇಕು. ನಮ್ಮಕ್ಕನ ಮದ್ವೇಲಿ ನಿಮ್ಮ ಯಜಮಾನ್ರು ಮುಯ್ಯಿ ಬರ್ಸಿದ್ರು. ಅಕ್ಷತಕ್ಕನ ಮದ್ವೇಲಿ ತಾತಂಗೆ ಹುಷಾರಿರ್ಲಿಲ್ಲ, ನಾವ್ಯಾರೂ ಬರಕ್ಕಾಗ್ಲಿಲ್ಲ. ಹೋದ್ ತಿಂಗ್ಳು ತಾತ ತೀರ್ಕೊಂಡ್ರು. ಆ ಮನೆ ಮುಯ್ಯಿ ಉಳಿಸ್ಕೋಬ್ಯಾಡ್ರೋ ಅಂತ ಹೇಳೇ ಪ್ರಾಣ ಬಿಟ್ರು ಅತ್ತೆ."

ರಾಜಘಟ್ಟದಲ್ಲಿ ದೊಡ್ಡಮುನಿಯಪ್ಪ ಇಲ್ಲದ ಬೀದಿ ಯಾವುದಿದೆ? ಕಲ್ಲು ಎಸೆದರೆ ಒಬ್ಬ ದೊಡ್ಡಮುನಿಯಪ್ಪನಿಗೆ ಬೀಳುತ್ತದೆ. ಅದು ಆಗ ಹೊಳೆಯಲಿಲ್ಲ. ಗಂಡ ಯಾರ್ಯಾರ ಮನೆಯಲ್ಲಿ ಮುಯ್ಯಿ ಬರೆಸಿದ್ದನೋ, ಸತ್ತವನನ್ನು ಕೇಳಲು ಆಗುತ್ತದೆಯೇ? ಪ್ರಾಣ ಬಿಡುವವರ ಬಾಯಲ್ಲಿ ನಮ್ಮ ಮನೆಯ ಹೆಸರು ಬಂತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಥೂ!

ನಮ್ಮಲ್ಲಿ ಮುಯ್ಯಿ ಎಂದರೆ ಬರೀ ದುಡ್ಡಲ್ಲ. ಮದುವೆಗೆ ಬಂದ ಪ್ರತಿ ಮನೆಯೂ ಕೈಲಾದದ್ದು ಕೊಡುತ್ತದೆ. ಒಬ್ಬರು ಕೂತು ಹೆಸರು, ಊರು, ಕೊಟ್ಟದ್ದೇನು ಎಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದರೆ ಪುಸ್ತಕ ತೆಗೆದು ನೋಡಿ, ಅದಕ್ಕೆ ಇನ್ನಷ್ಟು ಸೇರಿಸಿ ಕೊಟ್ಟು ಬರಬೇಕು. ಬರೆಯದಿದ್ದರೆ ಅದು ಮುಯ್ಯಿಯೇ ಅಲ್ಲ. ನಮ್ಮ ಮನೆಗೆ ಚರಂಡಿ ನೀರು ನುಗ್ಗಿದಾಗ ರೇಷನ್ ಕಾರ್ಡು ನೆನೆಯಿತು, ಆ ಪುಸ್ತಕ ನೆನೆಯಲು ಬಿಡಲಿಲ್ಲ ನಾನು. ಅಕ್ಷತಳ ಮದುವೆಯಲ್ಲಿ ಬರೆದವನು ಓದಿದ ಹುಡುಗ, ಪ್ರತಿ ಹೆಸರಿನ ಮುಂದೆ ಫೋನ್ ನಂಬರನ್ನೂ ಬರೆದಿಟ್ಟಿದ್ದ. ಎಂಥ ಅಚ್ಚುಕಟ್ಟು ಎಂದು ಆಗ ಹೊಗಳಿದ್ದೆವು.

"ಪುಸ್ತಕ ತನ್ನಿ ಅತ್ತೆ. ನಿಮ್ಗ್ಯಾಕೆ ತೊಂದ್ರೆ, ನಾನೇ ಬರೀತೀನಿ" ಎಂದ.

ಟ್ರಂಕಿನಿಂದ ಪುಸ್ತಕ ತೆಗೆದೆ. ಅರಿಶಿನ ಹಚ್ಚಿದ ಮೊದಲ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ಅವನ ಕೈಗೆ ಕೊಟ್ಟೆ. ಕೊಟ್ಟು ಕಾಫಿ ಕಾಯಿಸಲು ಒಳಗೆ ಹೋದೆ. ಹಾಲಿರಲಿಲ್ಲ. ಹಿತ್ತಿಲಿಂದ ಹೋಗಿ ಪಕ್ಕದ ಮನೆಯಲ್ಲಿ ಒಂದು ಲೋಟ ಹಾಲು ಸಾಲ ತಂದೆ. ಫೋನಿನಲ್ಲಿ ಹಾಳೆ ಹಾಳೆಯನ್ನೂ ಫೋಟೋ ಹೊಡೆಯಲು ಅವನಿಗೆ ಅಷ್ಟು ಹೊತ್ತು ಸಾಕಾಯಿತು.

ಕಾಫಿ ಕುಡಿದ. ಐನೂರ ಒಂದು ರೂಪಾಯಿ ತಟ್ಟೆಯಲ್ಲಿಟ್ಟ. ಕಾಲಿಗೆ ಬಿದ್ದ. ಅಕ್ಷತ ಎಲ್ಲಿದ್ದಾಳೆ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಹಿಡಿದುಬಿಡುತ್ತಿದ್ದೆ. ಮಾರನೆಯ ದಿನ ಶೆಡ್ಡಿನಲ್ಲಿ, "ಈ ಕಾಲ್ದಲ್ಲೂ ಇಂಥ ಹುಡುಗ್ರು ಅವ್ರೆ ಕಣ್ರೇ" ಎಂದು ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದೆ.

ಬುಧವಾರ ಹೊಸಕೋಟೆಯಿಂದ ಪಿಳ್ಳಣ್ಣ ಭಾವ ಫೋನ್ ಮಾಡಿದರು, ನನ್ನ ಗಂಡನ ಅಣ್ಣ.

"ಏನಮ್ಮಾ ನರಸಮ್ಮ, ಯಾವನೋ ಫೋನ್ ಮಾಡಿದ್ದ. ಅಕ್ಷತ ಎಲ್ಲವ್ಳೆ ಅಂದ. ಗೊತ್ತಿಲ್ಲ ಅಂದೆ. 'ಗೊತ್ತಿಲ್ದೇ ಏನು, ಅವಳ ಮದ್ವೆಗೆ ಹಿತ್ತಾಳೆ ಕೊಳಗ ಕೊಟ್ಟಿದ್ದೀರಲ್ಲ' ಅಂದ. ನಾನು ಕೊಳಗ ಕೊಟ್ಟಿದ್ದು ಆ ಬಡ್ಡಿಮಗಂಗೆ ಹೆಂಗಮ್ಮಾ ಗೊತ್ತು?"

ಮಗ್ಗಗಳು ಬಡಿಯುತ್ತಲೇ ಇದ್ದವು, ನನಗೆ ಕೇಳಿಸಲಿಲ್ಲ. ಕಂಡಿಕೆ ತುಂಬಿ ನೂಲು ನೆಲಕ್ಕೆ ಸುರಿಯುತ್ತಿತ್ತು. ಮೇಸ್ತ್ರಿ ಬಂದು ಬೈದ. ಬೈದದ್ದೂ ಕೇಳಿಸಲಿಲ್ಲ.

ನೂರ ಮೂವತ್ತು ಮನೆ ಇದ್ದವು ಆ ಪುಸ್ತಕದಲ್ಲಿ. ಒಂದನ್ನೂ ಬಿಡಲಿಲ್ಲ ನಾಯಿಗಳು. ಸೀರೆ ಕೊಟ್ಟವರಿಗೆ ಸೀರೆ ನೆನಪಿಸಿದರು, ಬಿಂದಿಗೆ ಕೊಟ್ಟವರಿಗೆ ಬಿಂದಿಗೆ ನೆನಪಿಸಿದರು. "ನಿಮ್ಮ ಹುಡುಗಿ ಮೋಸ ಮಾಡಿ ಓಡೋಗವ್ಳೆ, ನಿಮ್ಮ ಹೆಸ್ರು ನಮ್ ಹತ್ರ ಇದೆ" ಎಂದರು. ನೂರ ಮೂವತ್ತು ಮನೆಯಲ್ಲಿ ನನ್ನ ಮಗಳು ಕಳ್ಳಿಯಾದಳು. ಕೆಲವರು ನನಗೆ ಬೈದರು. ಕೆಲವರು ಫೋನೇ ಎತ್ತಲಿಲ್ಲ.

ಶನಿವಾರ ಆನಂದನೇ ಬೈಕಿನಲ್ಲಿ ನಲ್ಲೂರಿಗೆ ಹೋದ. ಬೈರಮ್ಮನ ಮನೆಯಿಂದ ಅಕ್ಷತ ಹೊರಟಾಗ ಹಿಂದೆಯೇ ಹೋಗಿ, ಗುಲಾಬಿ ಶೆಡ್ಡಿನ ಗೇಟಿನಲ್ಲಿ ಹೆಸರು ಹಿಡಿದು ಕೂಗಿದ. ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರೆಲ್ಲ ನಿಂತು ನೋಡಿದರು. ಸೂಪರ್‌ವೈಸರ್ ಬಂದು, "ಇದೇ ಕೊನೆ. ಇನ್ನೊಂದ್ಸಲ ಇವ್ನು ಇಲ್ಲಿಗ್ ಬಂದ್ರೆ ನೀನು ಬರೋದ್ ಬೇಡ" ಎಂದನಂತೆ. ಹೋಗುವಾಗ ಆನಂದ್ ಅಕ್ಷತಳಿಗೆ ಹೇಳಿದ್ದು ಇಷ್ಟು, "ನಮ್ಮನ್ಯಾಕೆ ಗುರಾಯಿಸ್ತೀಯಾ? ನಿಮ್ಮಮ್ಮನೇ ಕೂರ್ಸಿ, ಕಾಫಿ ಕೊಟ್ಟು, ಹೇಳಿದ್ದು."

ಅಕ್ಷತ ನನಗೆ ಫೋನ್ ಮಾಡಿದಳು. "ಕಾಫಿ ಕೊಟ್ಯಾ ಅಮ್ಮಾ ಅವ್ನಿಗೆ?" ಎಂದಳು. "ಕೊಟ್ಟೆ ಕಣೇ, ಆದ್ರೆ..." ಎನ್ನುವಷ್ಟರಲ್ಲಿ ಇಟ್ಟುಬಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಸೋಮವಾರ ಅರ್ಧ ದಿನದ ಕೂಲಿ ಬಿಟ್ಟು ಫೈನಾನ್ಸಿನ ಆಫೀಸಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬೇಕರಿಯ ಮೇಲಿದೆ. ತಲೆಯಲ್ಲಿ ನೂಲಿನ ಧೂಳು, ಬೆರಳಲ್ಲಿ ಟೇಪು. ಆರು ಕುರ್ಚಿ ಖಾಲಿ ಬಿದ್ದಿದ್ದವು, ಕೂತ್ಕೋ ಎನ್ನಲಿಲ್ಲ. ಮ್ಯಾನೇಜರ್ ಮುನಿರಾಜನನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ಇವನ ತಾತ ಅಪ್ಪಯ್ಯಣ್ಣನ ಹೊಲದಲ್ಲಿ ನಮ್ಮವ್ವ ಕಳೆ ಕಿತ್ತವಳು. ಕೂಲಿ ಕೇಳಲು ಹೋದರೆ ಹಿತ್ತಿಲ ಬಾಗಿಲಲ್ಲಿ ಸಂಜೆಯವರೆಗೆ ನಿಲ್ಲಿಸುತ್ತಿದ್ದರು. ಹೊಲ ಸೈಟುಗಳಾಯಿತು, ಮೊಮ್ಮಗ ಮ್ಯಾನೇಜರಾದ. ನಿಲ್ಲಿಸುವ ಬುದ್ಧಿ ಮಾತ್ರ ಹಾಗೇ ಇದೆ.

ಆನಂದ್ ಮೂಲೆಯಲ್ಲಿ ಫೋನ್ ನೋಡುತ್ತಾ ಕೂತಿದ್ದ. ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಏನೋ, ಸತ್ತ ತಾತ ಹೆಂಗವ್ನೆ?" ಎಂದೆ.

ತಲೆ ಎತ್ತಲಿಲ್ಲ. ಮುನಿರಾಜ್ ನಕ್ಕ.

"ಅವನ್ನ ಯಾಕಮ್ಮಾ ಅಂತೀಯ, ಒಳ್ಳೆ ಕೆಲಸಗಾರ. ಏನ್ ಬಂದೆ?"

"ನನ್ ಮಗಳಿಗೆ ಫೋನ್ ಮಾಡಿ ನಿಜ ಹೇಳಿ. ನಾನು ಹೇಳ್ಲಿಲ್ಲ, ಈ ಕಳ್ಳ ಪುಸ್ತಕದ ಫೋಟೋ ಹೊಡ್ಕೊಂಡ ಅಂತ ಹೇಳಿ."

"ಕಳ್ಳತನ ಎಲ್ ಬಂತು? ನಾವ್ಯಾರ ಮನೆ ಬೀಗಾನೂ ಒಡೆದಿಲ್ಲ. ನೀನೇ ಕೈಯಾರ ತಂದ್ ಕೊಟ್ಟೆ." ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ತಳ್ಳಿದ. ನಾನು ಏಳನೇ ಕ್ಲಾಸು, ಓದಲು ಬರುತ್ತದೆ. ಅಕ್ಷತ, ಕೇರಾಫ್ ಬೈರಮ್ಮ, ನಲ್ಲೂರು. ಅದರ ಕೆಳಗೆ ಬರೆದಿತ್ತು: ಮಾಹಿತಿ ಕೊಟ್ಟವರು: ತಾಯಿ.

ಅಕ್ಷತಳ ಶಾಲೆಯ ಕಾಗದದಲ್ಲಿ ಅಪ್ಪನ ಹೆಸರಿತ್ತು. ಮದುವೆ ಪತ್ರಿಕೆಯಲ್ಲೂ ಅವನದೇ ಮೊದಲು. ನನ್ನನ್ನು ತಾಯಿ ಎಂದು ಬರೆದ ಒಂದು ಕಾಗದ ನಾನು ಕಣ್ಣಾರೆ ನೋಡಿದ್ದು ಇದೇ, ಅದೂ ಈ ಹಲ್ಕಾ ಆಫೀಸಿನಲ್ಲಿ.

ಮುನಿರಾಜನಿಗೆ ತನ್ನ ಕಸುಬಿನ ಬಗ್ಗೆ ಹೆಮ್ಮೆ ಬಹಳ. ನಾನು ಕೇಳದೆಯೇ ಶುರುಮಾಡಿದ. "ಈಗ ಕಾನೂನು ಬಿಗಿ ಆಗೋಯ್ತಮ್ಮಾ. ಬೈಯಂಗಿಲ್ಲ, ಮನೆ ಮುಂದೆ ಕೂರಂಗಿಲ್ಲ..."

"ನನ್ ಮಗಳ ಹೊಸ್ಲು ಮೇಲೆ ಕೂತಿದ್ದೋರು ಯಾರು? ನಿಮ್ ಬೀಗರಾ?"

ಅದು ಅವನ ಕಿವಿಗೆ ಹೋಗಲಿಲ್ಲ. "ಎಲ್ಲವ್ರೆ ಅಂತ ಗೊತ್ತಾದ್ರೆ ಸಾಕು ನಮ್ಗೆ. ಸಿಲಿಂಡರ್ ಹಾಕೋನು ಹೇಳ್ತಾನೆ. ಮಕ್ಕಳ ಟಿ.ಸಿ. ಯಾವೂರಿಗೆ ಹೋಯ್ತು ಅಂತ ಸ್ಕೂಲ್ ಹತ್ರ ಕೇಳಿದ್ರೆ ಗೊತ್ತಾಗುತ್ತೆ. ನಲ್ಲಿ ಹತ್ರ ಜಗಳ ಆಡಿದ್ ಪಕ್ಕದ್ಮನೆಯೋಳು ಕೇಳ್ದೇನೇ ಹೇಳ್ತಾಳೆ. ಮುಯ್ಯಿ ಪುಸ್ತಕ ನಮ್ ಆನಂದನ ಐಡಿಯಾ. ಯಾರು ದೊಡ್ಡ ಮುಯ್ಯಿ ಬರ್ಸವ್ರೋ ಅವ್ರ ಮನೇಲೇ ಸಿಕ್ತಾರೆ. ನಿಮ್ ಬೈರಮ್ಮಂದು ನೋಡು, ಬೆಳ್ಳಿ ಕಾಲುಚೈನು, ರೇಷ್ಮೆ ಸೀರೆ. ಹುಡುಕ್ಕೊಂಡ್ ಹೋದ ಮೊದಲ್ನೇ ಮನೇಲೇ ಸಿಕ್ಕಿದ್ಲು."

ಸೋದರತ್ತೆ ತನ್ನ ಕಾಲಿನ ಚೈನು ಬಿಚ್ಚಿ ಮದುಮಗಳ ಕಾಲಿಗೆ ಹಾಕಿದ್ದಳು. ಆ ಪ್ರೀತಿಯನ್ನು ಇವರು ಮೂಸಿ ಮನೆ ಹುಡುಕಿದರು. ಓದಿದ್ದಾರೆ, ಬೂಟು ಹಾಕುತ್ತಾರೆ, ಸಾರ್ ಎನಿಸಿಕೊಳ್ಳುತ್ತಾರೆ, ಮಾಡುವುದು ಮಾತ್ರ ಮೂಸುವ ಕೆಲಸ. ನಾಯಿಗಾದರೂ ಅನ್ನ ಹಾಕಿದ ಮನೆಯ ನೆನಪಿರುತ್ತದೆ. ಈ ಆನಂದ್ ಕುಡಿದದ್ದು ನಾನು ಸಾಲ ತಂದ ಹಾಲು.

"ಕೇಳಿಲ್ಲಿ ನರಸಮ್ಮ" ಎಂದು ಮುನಿರಾಜ್ ದನಿ ಇಳಿಸಿದ. "ನಿನ್ ಮಗಳ ಫೈಲ್ ಮುಚ್ಚಿಸ್ತೀನಿ. ಒಂದ್ ರೂಪಾಯಿ ಕಟ್ಟೋದ್ ಬೇಡ. ಗೇಟ್ ಹತ್ರ ಯಾರೂ ಹೋಗಲ್ಲ." ಇನ್ನೊಂದು ಹಾಳೆ ತಳ್ಳಿದ. ಹನ್ನೊಂದು ಹೆಂಗಸರ ಹೆಸರು. "ಎಲ್ಲ ಮಗ್ಗದ್ ಶೆಡ್ಡಿನೋರೇ. ನೀನು ಎಲ್ಲರ ಮನೆ ಕಾರ್ಯಕ್ಕೂ ಹೋಗೋಳು. ಎಲ್ಲವ್ರೆ ಅಂತ ಹೇಳ್ಬಿಡು, ಅಷ್ಟೇ. ನಿನ್ ಹೆಸ್ರು ಆಚೆ ಬರಲ್ಲ."

ಮೊದಲ ಹೆಸರು ಕೀರ್ತನ. ಆರು ತಿಂಗಳ ಹಿಂದಿನವರೆಗೂ ನನ್ನ ಪಕ್ಕದಲ್ಲೇ ನಿಂತು ಕಂಡಿಕೆ ಸುತ್ತಿದವಳು. ಈಗ ಬಾಣಂತಿ. ಯಾವ ಊರಿನಲ್ಲಿ, ಯಾರ ಮನೆಯಲ್ಲಿದ್ದಾಳೆ ಎಂದು ನನಗೆ ಗೊತ್ತು. ಹನ್ನೊಂದರಲ್ಲಿ ಏಳು ಜನರದ್ದು ಗೊತ್ತು.

ಸುಳ್ಳು ಹೇಳುವುದಿಲ್ಲ, ಆ ಊರಿನ ಹೆಸರು ನಾಲಿಗೆಯ ತುದಿಗೆ ಬಂತು. ಒಂದು ಊರಿನ ಹೆಸರು, ಅಷ್ಟೇ ತಾನೆ? ನನ್ನ ಮಗಳ ಕೆಲಸ ಉಳಿಯುತ್ತದೆ, ಸಿಂಚನ ಹೊಟ್ಟೆತುಂಬ ಉಣ್ಣುತ್ತದೆ. ಬಾಯಿ ತೆರೆದೆ. ಅಲ್ಲಿಯವರೆಗೂ ತಲೆ ಎತ್ತದ ಆನಂದ್ ಪೆನ್ನು ತೆಗೆದುಕೊಂಡು ಎದ್ದು ಬಂದ. "ಹೇಳಿ ಅತ್ತೆ" ಎಂದ. ಅದೇ ದನಿ, ಅದೇ ನಗು, ತಟ್ಟೆ ಮಾತ್ರ ಇರಲಿಲ್ಲ. ಇವನು ಇದೇ ನಗು ಹೊತ್ತು ಕೀರ್ತನಳ ಬಾಣಂತಿ ಕೋಣೆಗೆ ಹೋಗಿ ನಿಲ್ಲುತ್ತಾನೆ. ಅವಳ ಹಾಳೆಯಲ್ಲಿ ಮಾಹಿತಿ ಕೊಟ್ಟವರು ಯಾರೆಂದು ಬರೆಯುತ್ತಾನೆ?

ಗೊತ್ತಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇವರಿಗೆ ಹೆದರಿ ಒಂದು ಸುಳ್ಳು ಹೇಳುವುದೂ ನನಗೆ ಬೇಡವಾಯಿತು.

"ಗೊತ್ತು" ಎಂದೆ. "ಏಳು ಜನ ಎಲ್ಲವ್ರೆ ಅಂತ ಚೆನ್ನಾಗ್ ಗೊತ್ತು. ಹೇಳಲ್ಲ. ಏನ್ ಕಿತ್ಕೋತೀಯೋ ಕಿತ್ಕೋ."

ಮುನಿರಾಜನ ನಗು ಹೋಯಿತು. "ನಾಳೆ ಗೇಟ್ ಹತ್ರ ನಮ್ಮೋರು ಹೋಗ್ತಾರೆ. ಆಮೇಲ್ ಬಂದು ಕಾಲ್ ಹಿಡಿಬೇಡ."

"ನಿನ್ ಕಾಲು ಹಿಡಿಯೋಕೆ ನನ್ ಕೈಗೇನ್ ರೋಗ ಬಂದಿದ್ಯಾ?" ಎಂದು ಹೊರಟೆ. ಮಗಳ ಅನ್ನಕ್ಕೆ ನಾನೇ ಮಣ್ಣು ಹಾಕಿ ಬಂದೆನೋ ಏನೋ ಎಂಬುದೇ ದಾರಿಯುದ್ದಕ್ಕೂ ಯೋಚನೆ.

ಎರಡು ಬಸ್ಸು ಬದಲಿಸಿ ನಲ್ಲೂರಿಗೆ ಹೋದೆ. ಅಕ್ಷತ ಆಗ ತಾನೆ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಳು. ಬೆರಳುಗಳ ತುಂಬ ಮುಳ್ಳು ಗೀರಿದ ಗುರುತು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಬೈರಮ್ಮ ನೀರು ಕೊಟ್ಟಳು. ನಾನು ನಿಂತೇ ಎಲ್ಲ ಹೇಳಿದೆ. ತಟ್ಟೆ, ಪುಸ್ತಕ, ಪಕ್ಕದ ಮನೆಯ ಹಾಲು, ಆಫೀಸಿನ ಹಾಳೆಯಲ್ಲಿ ತಾಯಿ ಎಂದು ಬರೆದದ್ದು, ಹನ್ನೊಂದು ಹೆಸರು, ಮುನಿರಾಜ್ ಆಡಿದ ಮಾತು.

"ಫೈಲ್ ಮುಚ್ಚಿಸ್ತೀನಿ ಅಂದ್ನಾ?" ಎಂದಳು ಅಕ್ಷತ.

"ಹೂಂ."

"ನೀನೇನಂದೆ?"

"ಗೊತ್ತು, ಹೇಳಲ್ಲ ಅಂದೆ. ನಾಳೆ ಗೇಟ್ ಹತ್ರ ಬರ್ತಾರಂತೆ. ನಿನ್ ಕೆಲ್ಸ ನಾನೇ ಕಳೆದ್ನೇನೋ ಮಗಳೇ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹೇಳಿದ್ದಿದ್ರೆ ನಿನ್ನ ಈ ಹೊಸ್ಲು ತುಳಿಯೋಕೆ ಬಿಡ್ತಿರ್ಲಿಲ್ಲ" ಎಂದಳು. ಆಮೇಲೆ ಫೋನ್ ತೆಗೆದಳು. ಇಷ್ಟು ದಿನ ಕಟ್ ಮಾಡುತ್ತಿದ್ದ ಅದೇ ಆಫೀಸಿನ ನಂಬರಿಗೆ ಅವಳೇ ಒತ್ತಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಎತ್ತಿದವನು ಮುನಿರಾಜನೇ.

"ನಾನು ಅಕ್ಷತ. ನೀವು ನೂರ ಮೂವತ್ತು ಮನೆ ಕೇಳಿದ್ರಲ್ಲ, ಅದೇ ಅಕ್ಷತ. ಬರ್ಕೊಳಿ. ನಲ್ಲೂರು, ಹುಣಸೆ ತೋಪಿಗೆ ಹೋಗೋ ದಾರಿ, ಬೈರಮ್ಮನ ಮನೆ. ಎಂಟಕ್ಕೆ ಕೆಲ್ಸಕ್ಕೆ ಹೋಗ್ತೀನಿ, ಆರಕ್ಕೆ ಮನೇಲಿರ್ತೀನಿ. ಸಾಲ ನನ್ ಹೆಸ್ರಲ್ಲಿದೆ, ಕಟ್ತೀನಿ. ಕೆಲ್ಸ ಇದ್ರೆ ತಾನೇ ಕಟ್ಟೋದು? ಗೇಟಲ್ಲಿ ಕೂಗಿ ಕೆಲ್ಸ ಕಳೆದ್ರೆ ನಿಮ್ ಕಂತು ನೀವೇ ಕಟ್ಕೊಳಿ. ನಾನಂತೂ ಇನ್ನೆಲ್ಲಿಗೂ ಓಡಲ್ಲ. ಮನೆಗ್ ಬರೋದಾದ್ರೆ ಭಾನುವಾರ ಬನ್ನಿ, ಈ ಬೀದಿ ಹೆಂಗಸ್ರೆಲ್ಲ ಅವತ್ತು ಮನೇಲೇ ಇರ್ತಾರೆ."

"ಏಯ್, ಧಮ್ಕಿ ಹಾಕ್ತೀಯೇನಮ್ಮಾ?"

"ಇಲ್ಲ ಸಾರ್, ಮಾಹಿತಿ ಕೊಡ್ತಿದೀನಿ. ಮಾಹಿತಿ ಕೊಟ್ಟವರು ಅಂತ ಬರ್ದಿದ್ದೀರಲ್ಲ, ಅಲ್ಲಿ ತಾಯಿ ಅನ್ನೋದನ್ನ ಹೊಡೆದ್‌ಹಾಕಿ. ಅಕ್ಷತ ಅಂತ ಬರೀರಿ."

ಮುನಿರಾಜ್ ಫೋನ್ ಇಟ್ಟಿರಲಿಲ್ಲ, ಅವನು ಉಸಿರಾಡುವುದು ನನ್ನ ಬಲಗಿವಿಗೂ ಕೇಳುತ್ತಿತ್ತು.

"ಬರೆದ್ರಾ?" ಎಂದಳು ಅಕ್ಷತ. "ಓದಿ ಹೇಳಿ."